ಅಪಾರ್ಟ್‌ಮೆಂಟಿನ ಸಾಮಾನ್ಯ ಕರೆಂಟ್ ಬಿಲ್ ಇಳಿಸುವ ಕ್ರಮ: ಅಳತೆ ಮೊದಲು, ಸೋಲಾರ್ ಕೊನೆಗೆ

ಅಪಾರ್ಟ್‌ಮೆಂಟ್ ಸಂಘದ ಮೀಟಿಂಗಿನಲ್ಲಿ ಕರೆಂಟ್ ಬಿಲ್ಲಿನ ಮಾತು ಬಂದರೆ ಮೊದಲು ಕೇಳುವುದು ಸೋಲಾರ್ ಹೆಸರು. ಮೂರು ಕಡೆಯಿಂದ ಕೊಟೇಷನ್ ತರಿಸುತ್ತಾರೆ, ಮೊತ್ತ ನೋಡಿ ಗಾಬರಿಯಾಗುತ್ತಾರೆ, ವಿಷಯ ಮುಂದಿನ ವರ್ಷಕ್ಕೆ ಹೋಗುತ್ತದೆ. ದುಡ್ಡಿದ್ದ ಸಂಘ ಹಾಕಿಸಿಯೇ ಬಿಟ್ಟರೆ ಬೇಕಾದದ್ದಕ್ಕಿಂತ ಎರಡು ಪಟ್ಟು ದೊಡ್ಡ ಘಟಕ ತಾರಸಿ ಮೇಲೆ ಕೂರುತ್ತದೆ. ಎರಡಕ್ಕೂ ಕಾರಣ ಒಂದೇ, ಕೆಲಸದ ಕ್ರಮ ತಿರುಗುಮುರುಗಾಗಿದೆ. ಪೋಲಾಗುತ್ತಿರುವ ಕರೆಂಟನ್ನು ನಿಲ್ಲಿಸದೆ ಸೋಲಾರ್ ಹಾಕುವುದು ತೂತು ಕೊಡಕ್ಕೆ ನೀರು ತುಂಬಿಸಿದ ಹಾಗೆ.

ಈ ಮಾರ್ಗದರ್ಶಿಯಲ್ಲಿ ಲೆಕ್ಕಕ್ಕೆಂದು ಒಂದು ಮಾದರಿ ಕಟ್ಟಡ ಹಿಡಿದಿದ್ದೇವೆ: 60 ಮನೆ, ಏಳೆಂಟು ಮಹಡಿ, ಬೇಸ್‌ಮೆಂಟ್ ಪಾರ್ಕಿಂಗ್, ಎರಡು ಲಿಫ್ಟ್, ಒಂದು ಎಸ್‌ಟಿಪಿ (ಕೊಳಚೆ ನೀರು ಸಂಸ್ಕರಿಸುವ ಘಟಕ), ಒಂದು ಬೋರ್‌ವೆಲ್. ಎಲ್ಲರಿಗೂ ಸೇರಿದ ಸಾಮಾನ್ಯ ಬಳಕೆ ತಿಂಗಳಿಗೆ 6,000 ಯೂನಿಟ್, ಅಂದರೆ ದಿನಕ್ಕೆ 200. ಬೆಲೆಗಳೂ ಲೆಕ್ಕ ತೋರಿಸಲು ಹಿಡಿದವು. ಆ ಜಾಗದಲ್ಲಿ ನಿಮ್ಮ ಬಿಲ್ಲಿನ, ನಿಮ್ಮ ಕೊಟೇಷನ್ನಿನ ಅಂಕಿ ಹಾಕಿಕೊಳ್ಳಿ. ಗೃಹಜ್ಯೋತಿ ಯೋಜನೆಯ ಉಚಿತ ಯೂನಿಟ್ ಮನೆಗಳ ಮೀಟರಿಗೆ ಸೇರಿದ್ದು. ಲಿಫ್ಟ್, ಪಂಪು, ಬೇಸ್‌ಮೆಂಟ್ ದೀಪದ ಬಿಲ್ಲನ್ನು ಎಲ್ಲರೂ ಮೇಂಟೆನೆನ್ಸ್ ಮೂಲಕ ಕಟ್ಟುತ್ತಾರೆ. ಹಾಗಾಗಿ ನಿಜವಾದ ಉಳಿತಾಯ ಇರುವುದು ಇಲ್ಲಿಯೇ.

ಕಾಗದಪತ್ರ ಮತ್ತು ಮೀಟರು

ಮೊದಲು ಎಷ್ಟು ಆರ್.ಆರ್. ನಂಬರ್ (ಒಂದೊಂದು ವಿದ್ಯುತ್ ಸಂಪರ್ಕಕ್ಕೂ ಇರುವ ಬಿಲ್ಲಿನ ಸಂಖ್ಯೆ) ಇವೆ ಎಂದು ಪಟ್ಟಿ ಮಾಡಿ. ಬ್ಲಾಕಿಗೊಂದು, ಪಂಪ್ ಹೌಸಿಗೊಂದು, ಎಸ್‌ಟಿಪಿಗೊಂದು ಹೀಗೆ ಹಂಚಿಹೋಗಿರುತ್ತವೆ. ಯಾವ ಮೀಟರಿಗೆ ಯಾವ ಲೋಡ್ ಸೇರಿದೆ ಎಂಬುದು ಎಷ್ಟೋ ಸಂಘಗಳಲ್ಲಿ ಯಾರಿಗೂ ಸರಿಯಾಗಿ ತಿಳಿದಿರುವುದಿಲ್ಲ. ಒಂದು ಮಧ್ಯಾಹ್ನ ಎಲೆಕ್ಟ್ರಿಷಿಯನ್ ಜೊತೆ ನಿಂತು ಒಂದೊಂದೇ ಎಂಸಿಬಿ ಇಳಿಸಿ ನೋಡಿದರೆ ಗೊತ್ತಾಗುತ್ತದೆ. ಮುಂದೆ ಸೋಲಾರ್ ಹಾಕಿದಾಗ ಅದು ಸಾಮಾನ್ಯವಾಗಿ ಕಡಿಮೆ ಮಾಡುವುದು ತಾನು ಸೇರಿದ ಆರ್.ಆರ್. ನಂಬರಿನ ಬಿಲ್ಲನ್ನು ಮಾತ್ರ. 800 ಯೂನಿಟ್ ಬಳಸುವ ಮೀಟರಿಗೆ 3,000 ಯೂನಿಟ್ ಉತ್ಪಾದಿಸುವ ಘಟಕ ಸೇರಿಸಿ, ಪಕ್ಕದ ಮೀಟರಿಗೆ ಪೂರ್ತಿ ಬಿಲ್ ಕಟ್ಟುತ್ತಿರುವ ಕಟ್ಟಡಗಳಿವೆ.

ಬಿಲ್ಲಿನಲ್ಲಿ ಎರಡು ಭಾಗ ಬಿಡಿಸಿ ನೋಡಿ. ನಿಗದಿತ ಶುಲ್ಕ ಮಂಜೂರಾದ ಲೋಡಿನ ಮೇಲೆ ಬರುತ್ತದೆ, ನೀವು ಎಷ್ಟೇ ಉಳಿಸಿದರೂ ಅದು ಇಳಿಯುವುದಿಲ್ಲ. ವಿದ್ಯುತ್ ಶುಲ್ಕ, ಇಂಧನ ಹೊಂದಾಣಿಕೆ, ಸರ್‌ಚಾರ್ಜ್, ತೆರಿಗೆ ಇವು ಯೂನಿಟ್ಟಿಗೆ ತಕ್ಕಂತೆ ಬರುತ್ತವೆ. ಈ ಎರಡನೇ ಭಾಗವನ್ನು ಯೂನಿಟ್ಟಿನಿಂದ ಭಾಗಿಸಿದರೆ ಸಿಗುವುದೇ ನಿಮ್ಮ ಉಳಿತಾಯದ ದರ. ಇಲ್ಲಿ ಅದನ್ನು ಯೂನಿಟ್ಟಿಗೆ 6.50 ರೂಪಾಯಿ ಎಂದು ಹಿಡಿದಿದ್ದೇವೆ. ಇಡೀ ಬಿಲ್ಲನ್ನು ಯೂನಿಟ್ಟಿನಿಂದ ಭಾಗಿಸಿ 9, 10 ರೂಪಾಯಿ ದರ ತೋರಿಸುವ ಕೊಟೇಷನ್ ಬಂದರೆ, ಅಲ್ಲಿ ಹೂಡಿಕೆ ಮರಳುವ ಅವಧಿಯನ್ನು ಸುಳ್ಳಾಗಿ ಕಡಿಮೆ ತೋರಿಸಲಾಗಿದೆ ಎಂದು ತಿಳಿಯಿರಿ.

ಬಳಕೆ ಇಳಿದ ಮೇಲೆ ಮಂಜೂರಾದ ಲೋಡ್ ಕಡಿಮೆ ಮಾಡಿಸಿ ನಿಗದಿತ ಶುಲ್ಕ ಉಳಿಸಬಹುದು. ಆದರೆ ಆತುರ ಬೇಡ. ಸೋಲಾರ್ ಘಟಕದ ಗರಿಷ್ಠ ಸಾಮರ್ಥ್ಯ ಮಂಜೂರಾದ ಲೋಡಿಗೆ ಕಟ್ಟುಬಿದ್ದಿರುತ್ತದೆ. ಎರಡೂ ಲೆಕ್ಕ ಮುಗಿಸಿ ಆಮೇಲೆ ಅರ್ಜಿ ಹಾಕಿ.

ಎಲ್ಲಿ ಎಷ್ಟು ಹೋಗುತ್ತಿದೆ: ಮೀಟರಿನ ಕೆಂಪು ದೀಪ ಸಾಕು

ಎನರ್ಜಿ ಆಡಿಟ್ ಮಾಡಿಸಿದರೆ ಒಳ್ಳೆಯದೇ. ಆದರೆ ಮೊದಲ ಅಂದಾಜನ್ನು ನೀವೇ ಮಾಡಬಹುದು. ಮೀಟರಿನ ಮುಖದ ಮೇಲೆ 3200 ಇಂಪಲ್ಸ್ ಪ್ರತಿ ಯೂನಿಟ್ ಎಂಬಂಥ ಒಂದು ಸಂಖ್ಯೆ ಇರುತ್ತದೆ. ಪಕ್ಕದಲ್ಲೇ ಮಿಟುಕುವ ಕೆಂಪು ಎಲ್‌ಇಡಿ ಇರುತ್ತದೆ. ಇಷ್ಟು ಸೆಕೆಂಡೆಂದು ಗೊತ್ತು ಮಾಡಿಕೊಂಡು ಮಿಟುಕುವಿಕೆಯನ್ನು ಎಣಿಸಿ 3,600ರಿಂದ ಗುಣಿಸಿ. ಮೀಟರಿನ ಸಂಖ್ಯೆಯನ್ನು ಸೆಕೆಂಡುಗಳಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಆ ಕ್ಷಣದ ಕಿಲೋವ್ಯಾಟ್ ಸಿಗುತ್ತದೆ. 15 ಸೆಕೆಂಡಿನಲ್ಲಿ 56 ಸಲ ಮಿಟುಕಿದರೆ 4.2 ಕಿಲೋವ್ಯಾಟ್. ಒಂದೇ ಮೀಟರಿಗೆ ಹಲವು ಲೋಡ್ ಇದ್ದರೆ ಪಂಪ್ ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಒಮ್ಮೆ ಎಣಿಸಿ ವ್ಯತ್ಯಾಸ ತೆಗೆಯಿರಿ. ಸಿಟಿ (ಕರೆಂಟನ್ನು ಒಂದು ಅನುಪಾತಕ್ಕೆ ಇಳಿಸಿ ಮೀಟರಿಗೆ ಕೊಡುವ ಕರೆಂಟ್ ಟ್ರಾನ್ಸ್‌ಫಾರ್ಮರ್) ಇರುವ ಮೀಟರಾದರೆ, ಅದರ ಅನುಪಾತ ಮೀಟರಿನ ಓದಿಗೆ ಸೇರಿದೆಯೋ ಇಲ್ಲವೋ ಕೇಳಿ, ಸೇರದಿದ್ದರೆ ಗುಣಿಸಿಕೊಳ್ಳಿ. ಅದನ್ನು ಮರೆತರೆ ಲೆಕ್ಕ ಹತ್ತಾರು ಪಟ್ಟು ತಪ್ಪುತ್ತದೆ.

ನಮ್ಮ ಮಾದರಿ ಕಟ್ಟಡದಲ್ಲಿ ದಿನದ ಸುಮಾರು 200 ಯೂನಿಟ್ ಹೀಗೆ ಹಂಚಿಹೋಗಿದೆ ಎಂದುಕೊಳ್ಳೋಣ: ಎಸ್‌ಟಿಪಿ 72, ಬೇಸ್‌ಮೆಂಟ್ ದೀಪ 60, ಬೋರ್‌ವೆಲ್ 32, ಲಿಫ್ಟ್ 20, ಮೇಲಿನ ಟ್ಯಾಂಕಿಗೆ ನೀರೆತ್ತುವ ಪಂಪು 15. ಜನ ಬೊಟ್ಟು ಮಾಡುವುದು ಲಿಫ್ಟಿನ ಕಡೆಗೆ. ದುಡ್ಡು ಹೋಗುತ್ತಿರುವುದು ಬೇರೆ ಕಡೆ.

ದೀಪ: ಎರಡು ದಿನದ ಕೆಲಸ

36 ವ್ಯಾಟಿನ ಹಳೆಯ ಟ್ಯೂಬ್‌ಲೈಟ್ ತಾಮ್ರದ ಚೋಕ್ ಸೇರಿ ಸುಮಾರು 50 ವ್ಯಾಟ್ ಎಳೆಯುತ್ತದೆ. 50 ದೀಪ 24 ಗಂಟೆ ಉರಿದರೆ ದಿನಕ್ಕೆ 60 ಯೂನಿಟ್. ಇವುಗಳ ಜಾಗಕ್ಕೆ 20 ವ್ಯಾಟಿನ ಎಲ್‌ಇಡಿ ಬ್ಯಾಟನ್ ಹಾಕಿ. ಅದರಲ್ಲಿ 12 ದೀಪ ಸದಾ ಪೂರ್ತಿ ಉರಿಯಲಿ, ಉಳಿದ 38 ಸೆನ್ಸರ್ ಇರುವ, ಯಾರೂ ಇಲ್ಲದಾಗ 5 ವ್ಯಾಟಿಗೆ ಇಳಿಯುವ ಬಗೆಯವು ಇರಲಿ. ಓಡಾಟ ದಿನಕ್ಕೆ ಒಟ್ಟು 4 ಗಂಟೆ ಎಂದು ಹಿಡಿದರೆ ಬಳಕೆ 13 ಯೂನಿಟ್ಟಿಗೆ ಬರುತ್ತದೆ.

ಪೂರ್ತಿ ಆರಿಹೋಗುವ ಸೆನ್ಸರ್ ಬೇಡ. ಕತ್ತಲ ಬೇಸ್‌ಮೆಂಟಿಗೆ ಹೆಂಗಸರು, ಮಕ್ಕಳು ಇಳಿಯಲು ಹೆದರುತ್ತಾರೆ, ಸಿಸಿಟಿವಿಯಲ್ಲಿ ಏನೂ ಕಾಣಿಸುವುದಿಲ್ಲ, ವಾರದೊಳಗೆ ಯಾರೋ ಸೆನ್ಸರ್ ತಪ್ಪಿಸಿ ನೇರ ವೈರ್ ಕೊಟ್ಟುಬಿಡುತ್ತಾರೆ. ಬ್ಯಾಟನ್ ಒಳಗೇ ಇರುವ ಮೈಕ್ರೋವೇವ್ ಸೆನ್ಸರ್ ಬೇಸ್‌ಮೆಂಟಿಗೆ ಒಪ್ಪುತ್ತದೆ. ಆದರೆ ಅದು ತೆಳು ಗೋಡೆಯಾಚೆಯ ಓಡಾಟವನ್ನೂ ಗ್ರಹಿಸಿ ಸುಮ್ಮನೆ ಉರಿಯುವುದುಂಟು, ರಸ್ತೆ ಕಡೆಯ ಗೋಡೆಗೆ ಹಾಕಬೇಡಿ. ಖರೀದಿಯಲ್ಲಿ ಬಿಐಎಸ್ ಗುರುತು, 0.9ಕ್ಕಿಂತ ಹೆಚ್ಚಿನ ಪವರ್ ಫ್ಯಾಕ್ಟರ್, 4 ಕಿಲೋವೋಲ್ಟ್ ಸರ್ಜ್ ತಡೆ ಇವು ಮೂರನ್ನೂ ಬರಹದಲ್ಲಿ ಕೇಳಿ. ಅಗ್ಗದ ಬ್ಯಾಟನ್ ಮೊದಲ ಮಳೆಗಾಲದ ಸಿಡಿಲಿಗೇ ಸಾಲಾಗಿ ಸಾಯುತ್ತವೆ.

ಪಂಪು: ಒಂದು ಸಾವಿರ ಲೀಟರಿಗೆ ಎಷ್ಟು ಯೂನಿಟ್?

ಪಂಪಿನ ಆರೋಗ್ಯ ಅಳೆಯಲು ಇದೊಂದೇ ಪ್ರಶ್ನೆ ಸಾಕು. ಒಂದು ಸಾವಿರ ಲೀಟರ್ ನೀರನ್ನು 30 ಮೀಟರ್ ಎತ್ತಲು ಭೌತಶಾಸ್ತ್ರದ ಪ್ರಕಾರ ಬೇಕಾದದ್ದು 0.08 ಯೂನಿಟ್. ಪಂಪು, ಮೋಟರು ಎರಡೂ ಸೇರಿ ಅರ್ಧ ನಷ್ಟ ಮಾಡುತ್ತವೆ ಎಂದರೂ 0.16. ನಿಮ್ಮದು 0.3 ದಾಟಿದ್ದರೆ ಏನೋ ತಪ್ಪಿದೆ.

ಅಳೆಯುವ ಬಗೆ ಇಷ್ಟು. ಮೇಲಿನ ಟ್ಯಾಂಕಿನ ಔಟ್‌ಲೆಟ್ ವಾಲ್ವ್ ಅರ್ಧ ಗಂಟೆ ಮುಚ್ಚಿ, ಮಧ್ಯಾಹ್ನ ಎರಡು ಗಂಟೆಯ ಹೊತ್ತು ಒಳ್ಳೆಯದು. ಟ್ಯಾಂಕಿಗೆ ಕೋಲು ಇಳಿಸಿ ನೀರಿನ ಮಟ್ಟ ಗುರುತು ಮಾಡಿ, ಪಂಪ್ ಹಾಕಿ, ಅರ್ಧ ಗಂಟೆಯ ನಂತರ ಮತ್ತೆ ಗುರುತು ಮಾಡಿ. 4 ಮೀಟರ್ ಉದ್ದ, 3 ಮೀಟರ್ ಅಗಲದ ಟ್ಯಾಂಕಿನಲ್ಲಿ ಮಟ್ಟ 50 ಸೆಂಟಿಮೀಟರ್ ಏರಿದರೆ 6,000 ಲೀಟರ್ ಬಂದಿದೆ. ಪಂಪ್ ಎಳೆಯುತ್ತಿದ್ದದ್ದು 4.2 ಕಿಲೋವ್ಯಾಟ್, ಅರ್ಧ ಗಂಟೆಗೆ 2.1 ಯೂನಿಟ್. ಸಾವಿರ ಲೀಟರಿಗೆ 0.35. ಅಂದರೆ ದಕ್ಷತೆ ಶೇಕಡಾ 23 ಮಾತ್ರ.

ಯಾಕೆ ಹೀಗಾಗುತ್ತದೆ? ಹೆಚ್ಚಿನ ಸಲ ಪಂಪ್ ಹಳತಾಗಿರುವುದಿಲ್ಲ, ತಪ್ಪು ಪಂಪ್ ಆಗಿರುತ್ತದೆ. 50 ಮೀಟರ್ ಎತ್ತರಕ್ಕೆ ತಯಾರಾದ 5 ಎಚ್‌ಪಿ ಪಂಪನ್ನು 30 ಮೀಟರಿಗೆ ಕೂರಿಸಿದರೆ ಅದು ಅತಿಯಾಗಿ ನೀರು ನೂಕಿ ಮೋಟರ್ ಬಿಸಿಯಾಗುತ್ತದೆ, ಟ್ರಿಪ್ ಆಗುತ್ತದೆ. ಪ್ಲಂಬರ್ ಬಂದು ಗೇಟ್ ವಾಲ್ವ್ ಅರ್ಧ ತಿರುಗಿಸಿ ಸರಿ ಮಾಡುತ್ತಾನೆ. ಅಂದಿನಿಂದ ಪಂಪ್ ಆ ವಾಲ್ವಿನ ವಿರುದ್ಧ ಕೆಲಸ ಮಾಡುತ್ತಾ ಕರೆಂಟು ಸುಡುತ್ತಿರುತ್ತದೆ. ಪಂಪ್ ಹೌಸಿನಲ್ಲಿ ಅರ್ಧ ಮುಚ್ಚಿದ ವಾಲ್ವ್ ಕಂಡರೆ ಅದೇ ಮೊದಲ ಸುಳಿವು. ಜೊತೆಗೆ ಸೋರುವ ಫುಟ್ ವಾಲ್ವ್ (ನೀರೆಳೆಯುವ ಪೈಪಿನ ತಳದ ವಾಲ್ವ್), ಸಕ್ಷನ್ ಪೈಪಿನಲ್ಲಿ ಗಾಳಿ, ಸವೆದ ಇಂಪೆಲ್ಲರ್ (ನೀರು ನೂಕುವ ಚಕ್ರ) ಇವೆಯೇ ನೋಡಿ.

ಹೊಸ ಪಂಪ್ ಕೊಳ್ಳುವಾಗ ಎಚ್‌ಪಿ ಹೇಳಿ ಕೇಳಬೇಡಿ. ಸೆಕೆಂಡಿಗೆ 3.3 ಲೀಟರ್, ಪೈಪಿನ ಘರ್ಷಣೆ ಸೇರಿ ಒಟ್ಟು 33 ಮೀಟರ್ ಹೆಡ್ (ನೀರೆತ್ತಬೇಕಾದ ಎತ್ತರ), ಈ ಬಿಂದುವಿನಲ್ಲಿ ಯಾವ ಮಾಡೆಲ್ ಹೆಚ್ಚು ದಕ್ಷ ಎಂದು ಕೇಳಿ, ಪಂಪಿನ ಕರ್ವ್ (ಯಾವ ಎತ್ತರಕ್ಕೆ ಎಷ್ಟು ನೀರು ಎಂಬ ನಕ್ಷೆ) ತೋರಿಸಲು ಹೇಳಿ. ಇಂಥ ಕೆಲಸಕ್ಕೆ ಸಾಮಾನ್ಯವಾಗಿ 3 ಎಚ್‌ಪಿ ಸಾಕಾಗುತ್ತದೆ.

ಬೋರ್‌ವೆಲ್ ಲೆಕ್ಕವೂ ಹೀಗೆಯೇ. 200 ಮೀಟರ್ ಆಳದಿಂದ ಸಾವಿರ ಲೀಟರ್ ಎತ್ತಲು ಕನಿಷ್ಠ 0.55 ಯೂನಿಟ್ ಬೇಕು, ಶೇಕಡಾ 45 ದಕ್ಷತೆಯಲ್ಲಿ 1.2. ಹಾಗಾಗಿ ಬೋರ್‌ವೆಲ್ ನೀರಿನ ಪ್ರತಿ ಲೀಟರ್ ಉಳಿಸಿದಾಗಲೂ ಕರೆಂಟು ಉಳಿಯುತ್ತದೆ. ಕೊಳವೆಬಾವಿ ನೀರಿಲ್ಲದೆ ಒಣಗಿ ಓಡದಂತೆ ಡ್ರೈ ರನ್ ತಡೆ ಇರಲೇಬೇಕು.

ಎಸ್‌ಟಿಪಿ: ದೊಡ್ಡ ಬಾಯಿ

ಎಸ್‌ಟಿಪಿಯಲ್ಲಿ ಕರೆಂಟು ತಿನ್ನುವುದು ಕೊಳಚೆ ನೀರಿಗೆ ಗಾಳಿ ಊದುವ ಬ್ಲೋವರ್. 3 ಕಿಲೋವ್ಯಾಟ್ ಎಳೆಯುವ ಬ್ಲೋವರ್ ಇಡೀ ದಿನ ಓಡಿದರೆ 72 ಯೂನಿಟ್. ಟೈಮರ್ ಹಾಕಿ ಅರ್ಧ ದಿನ ನಿಲ್ಲಿಸುವ ಸಲಹೆ ಬರುತ್ತದೆ. ಅದನ್ನು ಒಪ್ಪಬೇಡಿ. ಗಾಳಿ ತುಂಬ ಹೊತ್ತು ನಿಂತರೆ ಸೂಕ್ಷ್ಮಜೀವಿಗಳು ಸಾಯುತ್ತವೆ, ವಾಸನೆ ಏಳುತ್ತದೆ, ಹೊರಬರುವ ನೀರಿನ ಗುಣಮಟ್ಟ ಕೆಟ್ಟು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟಿಸ್ ಬರುತ್ತದೆ. ಸಂಸ್ಕರಿಸಿದ ನೀರು ಫ್ಲಶ್ಶಿಗೆ ಬಾರದಾದರೆ ಆ ಕೊರತೆಯನ್ನು ಟ್ಯಾಂಕರ್ ತುಂಬಬೇಕು.

ಮೊದಲು ಬ್ಲೋವರ್ ಪಕ್ಕದ ಪ್ರೆಷರ್ ಗೇಜ್ ನೋಡಿ. ಏರೇಷನ್ ಟ್ಯಾಂಕಿನ ನೀರಿನ ಆಳ 3 ಮೀಟರ್ ಇದ್ದರೆ ಗೇಜ್ 0.3ರಿಂದ 0.35 ಬಾರ್ ತೋರಿಸಬೇಕು. 0.45 ತೋರಿಸುತ್ತಿದ್ದರೆ ತಳದಲ್ಲಿ ಗಾಳಿಯನ್ನು ಗುಳ್ಳೆಯಾಗಿ ಬಿಡುವ ಡಿಫ್ಯೂಸರ್‌ಗಳು ಕಟ್ಟಿಕೊಂಡಿವೆ. ನೀರಿನ ಮೇಲ್ಮೈಯಲ್ಲಿ ಸಣ್ಣ ಗುಳ್ಳೆಗಳು ಸಮನಾಗಿ ಏಳದೆ ಒಂದೇ ಕಡೆ ಕುದಿಯುವಂತೆ ಕಂಡರೆ ಅಲ್ಲಿ ಮೆಂಬ್ರೇನ್ ಹರಿದಿದೆ. ಡಿಫ್ಯೂಸರ್ ಬದಲಿಸಿ, ಗಾಳಿಯ ಫಿಲ್ಟರ್ ತೊಳೆಯಿರಿ, ಬೆಲ್ಟ್ ಬಿಗಿ ಮಾಡಿ. ಆಮೇಲೆ ಬ್ಲೋವರಿಗೆ ವಿಎಫ್‌ಡಿ (ಮೋಟರಿನ ವೇಗ ಏರಿಳಿಸುವ ಸಾಧನ) ಕೂರಿಸಿ, ಟ್ಯಾಂಕಿನಲ್ಲಿ ಕರಗಿದ ಆಮ್ಲಜನಕ ಅಳೆಯುವ ಪ್ರೋಬ್ ಇಟ್ಟು, ಲೀಟರಿಗೆ ಸುಮಾರು 2 ಮಿಲಿಗ್ರಾಂ ಉಳಿಯುವಂತೆ ವೇಗ ಹೊಂದಿಸಿ. ಮನೆಯಲ್ಲಿ ಜನರಿಲ್ಲದ ಹಗಲಲ್ಲಿ, ನಡುರಾತ್ರಿಯಲ್ಲಿ ಬ್ಲೋವರ್ ತಾನೇ ನಿಧಾನವಾಗುತ್ತದೆ. 30 ಹರ್ಟ್ಸ್‌ಗಿಂತ ಕೆಳಗೆ ಇಳಿಸಬೇಡಿ, ಬ್ಲೋವರ್ ಬಿಸಿಯಾಗುತ್ತದೆ. ಪ್ರೋಬನ್ನು ವಾರಕ್ಕೊಮ್ಮೆ ಒರೆಸದಿದ್ದರೆ ಅದರ ಮೇಲೆ ಲೋಳೆ ಕಟ್ಟಿ ಆಮ್ಲಜನಕ ಕಡಿಮೆ ಎಂದು ತಪ್ಪು ತೋರಿಸುತ್ತದೆ, ಬ್ಲೋವರ್ ಮತ್ತೆ ಪೂರ್ತಿ ವೇಗದಲ್ಲಿ ಓಡುತ್ತದೆ. ಎಸ್‌ಟಿಪಿ ನೋಡಿಕೊಳ್ಳುವ ಹುಡುಗನಿಗೆ ಇದನ್ನು ಕೈಹಿಡಿದು ತೋರಿಸಿಕೊಡಿ. 72 ಯೂನಿಟ್ 45ಕ್ಕೆ ಇಳಿಯುವುದು ಅವನ ಕೈಯಲ್ಲಿದೆ.

ನೀರು

ರಾಷ್ಟ್ರೀಯ ಕಟ್ಟಡ ಸಂಹಿತೆ ಒಬ್ಬರಿಗೆ ದಿನಕ್ಕೆ 135 ಲೀಟರ್ ಎನ್ನುತ್ತದೆ. ಸಂಪಿನಿಂದ ಎತ್ತಿದ ಒಟ್ಟು ನೀರನ್ನು ಜನಸಂಖ್ಯೆಯಿಂದ ಭಾಗಿಸಿ. 200 ಮೀರಿದ್ದರೆ ಸೋರಿಕೆ ಹುಡುಕಿ. ರಾತ್ರಿ 1ರಿಂದ 4ರವರೆಗೆ ಮೇಲಿನ ಟ್ಯಾಂಕಿನ ಮಟ್ಟ ಎಷ್ಟು ಇಳಿಯಿತು ನೋಡಿ. ಯಾರೂ ಬಳಸದ ಆ ಹೊತ್ತಿನಲ್ಲಿ ಇಳಿದದ್ದೆಲ್ಲ ಬಹುತೇಕ ಫ್ಲಶ್ ಟ್ಯಾಂಕ್‌ಗಳ ಸೋರಿಕೆ. ಫ್ಲಶ್ ಟ್ಯಾಂಕಿಗೆ ಸ್ವಲ್ಪ ಅಡುಗೆ ಬಣ್ಣ ಹಾಕಿ ಹದಿನೈದು ನಿಮಿಷ ಬಿಟ್ಟರೆ, ಕಮೋಡಿನಲ್ಲಿ ಬಣ್ಣ ಕಂಡಲ್ಲಿ ವಾಷರ್ ಹೋಗಿದೆ ಎಂದರ್ಥ.

ನಲ್ಲಿಗಳಿಗೆ ಏರೇಟರ್ (ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಜಾಲರಿ) ಹಾಕಿಸಿ. 2024ರ ಮಾರ್ಚ್‌ನಲ್ಲಿ ನೀರಿನ ಬಿಕ್ಕಟ್ಟು ಬಂದಾಗ ಬೆಂಗಳೂರು ಜಲಮಂಡಳಿ ಅಪಾರ್ಟ್‌ಮೆಂಟುಗಳಿಗೆ ಇದನ್ನು ಕಡ್ಡಾಯ ಮಾಡಿತು. ನಿಮಿಷಕ್ಕೆ 10–12 ಲೀಟರ್ ಸುರಿಯುವ ನಲ್ಲಿ 3–5 ಲೀಟರಿಗೆ ಬರುತ್ತದೆ. ಕೊನೆಯ ಮಹಡಿಯಲ್ಲಿ ಒತ್ತಡ ಮೊದಲೇ ಕಡಿಮೆ, ಅಲ್ಲಿಗೆ ಬೇರೆ ಬಗೆಯ ಏರೇಟರ್ ಬೇಕು, ಇಲ್ಲವಾದರೆ ದೂರು ಬಂದು ಎಲ್ಲರೂ ಕಿತ್ತುಹಾಕುತ್ತಾರೆ. ಕೆಳಗಿನ ಮಹಡಿಗಳಲ್ಲಿ ಅದಕ್ಕೆ ತದ್ವಿರುದ್ಧ, 30 ಮೀಟರ್ ಎತ್ತರದ ಟ್ಯಾಂಕಿನಿಂದ 3 ಬಾರ್ ಒತ್ತಡ ಬರುತ್ತದೆ. ಪೈಪಿನ ಲೈನಿಗೆ ಒತ್ತಡ ಇಳಿಸುವ ವಾಲ್ವ್ ಹಾಕಿದರೆ ನೀರೂ ಉಳಿಯುತ್ತದೆ, ಕೊಳಾಯಿಯೂ ಬಾಳುತ್ತದೆ. ಮನೆಗೊಂದು ನೀರಿನ ಮೀಟರ್ ಕೂರಿಸಿ ಬಳಸಿದಷ್ಟಕ್ಕೆ ಬಿಲ್ ಮಾಡಿದರೆ ಸಂಘ ಬೇರೆ ಉಪದೇಶ ಮಾಡಬೇಕಿಲ್ಲ.

ಮಳೆನೀರಿನ ಲೆಕ್ಕ ನೋಡಿ. ಬೆಂಗಳೂರಿನ ಸರಾಸರಿ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರ್. 600 ಚದರ ಮೀಟರ್ ತಾರಸಿಯಿಂದ, ಶೇಕಡಾ 20 ನಷ್ಟ ಕಳೆದು, ವರ್ಷಕ್ಕೆ 4.65 ಲಕ್ಷ ಲೀಟರ್. 12,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 38 ಲೋಡ್. ಒಂದೇ ದಿನ 50 ಮಿಲಿಮೀಟರ್ ಸುರಿದರೆ 24,000 ಲೀಟರ್ ಬರುತ್ತದೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಸಂಪನ್ನು ಅಂಚಿನವರೆಗೆ ತುಂಬಿಸಿಟ್ಟರೆ ಈ ನೀರು ಚರಂಡಿಗೆ ಹೋಗುತ್ತದೆ. ಮೂರನೇ ಒಂದು ಭಾಗ ಖಾಲಿ ಇರಲಿ. ಮೊದಲ 2 ಮಿಲಿಮೀಟರ್ ಮಳೆ, ಅಂದರೆ ಸುಮಾರು 1,200 ಲೀಟರ್, ತಾರಸಿ ತೊಳೆದು ಹೊರಹೋಗುವಂತೆ ವಾಲ್ವ್ ಇರಬೇಕು. ಹೆಚ್ಚಾದದ್ದು ಇಂಗುಬಾವಿಗೆ ಹೋಗಲಿ. ಇಂಗುಬಾವಿಯನ್ನು ಬೇಸ್‌ಮೆಂಟ್ ಗೋಡೆಗೆ ಅಂಟಿಕೊಂಡಂತೆ ತೋಡಿದರೆ ಗೋಡೆ ಜಿನುಗಲು ಶುರುವಾಗುತ್ತದೆ.

ಇಷ್ಟು ಮಾಡಿದ ಮೇಲೆ ಮಾದರಿ ಕಟ್ಟಡದ ಲೆಕ್ಕ ಹೀಗಾಗುತ್ತದೆ: ದೀಪ 13, ಎಸ್‌ಟಿಪಿ 45, ನೀರೆತ್ತುವ ಪಂಪು 7, ಬೋರ್‌ವೆಲ್ 14, ಲಿಫ್ಟ್ 17 (ಒಳದೀಪ, ಫ್ಯಾನ್ ತಾನೇ ಆರುವಂತೆ ಮಾಡಿ). ಒಟ್ಟು ದಿನಕ್ಕೆ 96, ನೂರೆಂದೇ ಹಿಡಿಯೋಣ. ತಿಂಗಳಿಗೆ 3,000 ಯೂನಿಟ್ ಉಳಿತಾಯ, 19,500 ರೂಪಾಯಿ.

ಈಗ ಸೋಲಾರ್

ಒಂದು ಕಿಲೋವ್ಯಾಟ್ ಘಟಕ ನಮ್ಮಲ್ಲಿ ವರ್ಷಕ್ಕೆ ಸುಮಾರು 1,400 ಯೂನಿಟ್ ಕೊಡುತ್ತದೆ. ವರ್ಷದ 72,000 ಯೂನಿಟ್ಟಿಗೆ 50 ಕಿಲೋವ್ಯಾಟ್ ಬೇಕಿತ್ತು. ಬಳಕೆ 36,000ಕ್ಕೆ ಇಳಿದ ಮೇಲೆ 25 ಸಾಕು. ಓಡಾಟದ ಜಾಗ ಸೇರಿ ಕಿಲೋವ್ಯಾಟಿಗೆ 9 ಚದರ ಮೀಟರ್ ಎಂದರೂ 225 ಚದರ ಮೀಟರಿನಲ್ಲಿ ಮುಗಿಯುತ್ತದೆ. ಟ್ಯಾಂಕು, ಲಿಫ್ಟ್ ರೂಮು, ಬಟ್ಟೆ ಒಣಗಿಸುವ ಜಾಗ ಬಿಟ್ಟು 50 ಕಿಲೋವ್ಯಾಟ್ ಕೂರಿಸಲು 600 ಚದರ ಮೀಟರ್ ತಾರಸಿಯಲ್ಲಿ ಹೆಣಗಬೇಕಾಗುತ್ತಿತ್ತು.

ತಾರಸಿ ಯಾರದು ಎಂದು ಮೊದಲು ಕ್ರಯಪತ್ರ ತೆಗೆದು ನೋಡಿ. ಮೇಲಿನ ಮನೆಯವರಿಗೆ ಬಿಲ್ಡರ್ ತಾರಸಿ ಹಕ್ಕು ಮಾರಿರುವುದುಂಟು. ಆಮೇಲೆ ವಾಟರ್‌ಪ್ರೂಫಿಂಗ್. ಪ್ಯಾನೆಲ್ 25 ವರ್ಷ ಇರುತ್ತದೆ. ಅದನ್ನು ಹಾಕಿದ ಎರಡು ವರ್ಷಕ್ಕೆ ಸೂರು ಸೋರಿದರೆ ಇಡೀ ಚೌಕಟ್ಟು ಬಿಚ್ಚಿ ಮತ್ತೆ ಕಟ್ಟುವ ಖರ್ಚು ಬೀಳುತ್ತದೆ. ವಾಟರ್‌ಪ್ರೂಫಿಂಗ್ ಮಾಡಿಸುವಾಗಲೇ ಮೇಲೊಂದು ಬಿಳಿ ಪ್ರತಿಫಲಕ ಲೇಪ ಕೊಡಿಸಿದರೆ ಕೊನೆಯ ಮಹಡಿಯ ಸೆಖೆ ಇಳಿಯುತ್ತದೆ. ಚೌಕಟ್ಟಿನ ಕಾಲುಗಳನ್ನು ಕಾಂಕ್ರೀಟ್ ಪೆಡೆಸ್ಟಲ್ ಮೇಲೆ ನಿಲ್ಲಿಸಿ, ವಾಟರ್‌ಪ್ರೂಫ್ ಪದರಕ್ಕೆ ಡ್ರಿಲ್ ಮಾಡಲು ಬಿಡಬೇಡಿ. ಚೌಕಟ್ಟು ಹಾಟ್ ಡಿಪ್ ಗ್ಯಾಲ್ವನೈಸ್ ಆಗಿರಲಿ, ನಟ್ಟು ಬೋಲ್ಟು ಸ್ಟೇನ್‌ಲೆಸ್ ಆಗಿರಲಿ. ಗಾಳಿಯ ಲೆಕ್ಕ ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗದಂತೆ ಆಗಿದೆ ಎಂದು ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಇರಬೇಕು. ಬೆಂಗಳೂರಿಗೆ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್. ಕೆಳಗೆ ಓಡಾಡಲೆಂದು ಎತ್ತರಕ್ಕೆ ಕಟ್ಟಿದ ಚೌಕಟ್ಟಿಗೆ ಈ ಲೆಕ್ಕ ಇನ್ನೂ ಮುಖ್ಯ.

ನೆರಳಿನ ವಿಷಯದಲ್ಲಿ ಕರ್ನಾಟಕದವರು ದಕ್ಷಿಣದ ಅಡ್ಡಿ ಮಾತ್ರ ನೋಡಿದರೆ ಸಾಕೆಂಬ ಉತ್ತರ ಭಾರತದ ಸೂತ್ರ ನಂಬಬಾರದು. ಡಿಸೆಂಬರ್ ಕೊನೆಯ ಬೆಳಗ್ಗೆ 9ರ ಹೊತ್ತಿಗೆ ಬೆಂಗಳೂರಿನಲ್ಲಿ 1 ಮೀಟರ್ ಎತ್ತರದ ಗೋಡೆ ಒಂದೂವರೆ ಮೀಟರಿಗೂ ಹೆಚ್ಚು ನೆರಳು ಬೀಳಿಸುತ್ತದೆ, ಅದನ್ನು ಎಲ್ಲರೂ ನೋಡುತ್ತಾರೆ. ಆದರೆ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಪ್ಯಾನೆಲ್‌ಗಳ ಉತ್ತರಕ್ಕೆ ಒತ್ತಿಕೊಂಡಿರುವ ಲಿಫ್ಟ್ ರೂಮೂ ಆಗ ನೆರಳು ಕೊಡುತ್ತದೆ. ಒಂದು ಪ್ಯಾನೆಲ್ ಮೇಲಿನ ನೆರಳು ಇಡೀ ಸ್ಟ್ರಿಂಗಿನ (ಒಂದರ ಹಿಂದೊಂದು ಜೋಡಿಸಿದ ಪ್ಯಾನೆಲ್ ಸಾಲಿನ) ಉತ್ಪಾದನೆ ತಗ್ಗಿಸುತ್ತದೆ. ದಕ್ಷಿಣಕ್ಕೆ 12ರಿಂದ 15 ಡಿಗ್ರಿ ಓರೆ ಸಾಕು.

ಕರೆಂಟು ಹೋದಾಗ ಸಾಮಾನ್ಯ ಗ್ರಿಡ್ ಸೋಲಾರ್ ಕೂಡ ನಿಲ್ಲುತ್ತದೆ. ಲೈನ್‌ಮನ್ ಸುರಕ್ಷತೆಗಾಗಿ ಇನ್ವರ್ಟರ್ ತಾನೇ ಆಫ್ ಆಗುವ ವ್ಯವಸ್ಥೆ ಅದು. ಇದನ್ನು ಮೊದಲೇ ಎಲ್ಲರಿಗೂ ಹೇಳಿಬಿಡಿ. ಜನರೇಟರ್ ಇರುವ ಕಟ್ಟಡದಲ್ಲಿ ಇನ್ವರ್ಟರ್ ಜನರೇಟರನ್ನು ಗ್ರಿಡ್ ಎಂದು ಭಾವಿಸಿ ಅದಕ್ಕೇ ಕರೆಂಟು ನೂಕಿದರೆ ಆಲ್ಟರ್ನೇಟರ್ ಹಾಳಾಗುತ್ತದೆ. ಜನರೇಟರ್ ಲೈನಿನಿಂದ ಸೋಲಾರನ್ನು ಬೇರ್ಪಡಿಸುವ ಕಾಂಟ್ಯಾಕ್ಟರ್ ಅಥವಾ ನಿಯಂತ್ರಕ ಡ್ರಾಯಿಂಗಿನಲ್ಲಿ ಇದೆಯೇ ನೋಡಿ. ಡಿಸಿ, ಎಸಿ, ಸಿಡಿಲು ತಡೆ ಇವಕ್ಕೆ ಪ್ರತ್ಯೇಕ ಅರ್ಥಿಂಗ್ ಗುಂಡಿ ಇರಲಿ. ಎರಡು ಬೇರೆ ಬ್ರ್ಯಾಂಡಿನ ಎಂಸಿ4 ಕನೆಕ್ಟರ್ (ಪ್ಯಾನೆಲ್ ವೈರು ಜೋಡಿಸುವ ಪ್ಲಗ್ಗು) ಸೇರಿಸಿದ ಜಾಗದಲ್ಲಿ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳುವುದುಂಟು, ಒಂದೇ ಬ್ರ್ಯಾಂಡ್ ಬಳಸಲು ಬರೆಸಿಕೊಳ್ಳಿ.

ಸಬ್ಸಿಡಿ ಮತ್ತು ಸಾಲ

2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ನಿವಾಸಿಗಳ ಸಂಘಕ್ಕೆ, ಸಾಮಾನ್ಯ ಸೌಕರ್ಯಗಳ ಘಟಕಕ್ಕೆ, ಕಿಲೋವ್ಯಾಟಿಗೆ 18,000 ರೂಪಾಯಿ ಸಬ್ಸಿಡಿ ಇದೆ. ಮನೆಗೆ 3 ಕಿಲೋವ್ಯಾಟ್ ಲೆಕ್ಕದಲ್ಲಿ ಗರಿಷ್ಠ 500 ಕಿಲೋವ್ಯಾಟ್, ಇವಿ ಚಾರ್ಜಿಂಗ್ ಕೂಡ ಸೇರಿದೆ. ಯೋಜನೆಯ ಅವಧಿ 2026–27ರ ಹಣಕಾಸು ವರ್ಷದವರೆಗೆ. ಮೂರು ಷರತ್ತು ನೆನಪಿಡಿ. ಪ್ಯಾನೆಲ್ ದೇಶೀಯ ಸೆಲ್ಲಿನ ಡಿಸಿಆರ್ ಬಗೆಯದಾಗಿರಬೇಕು, ಇದು ಬೇರೆಯದಕ್ಕಿಂತ ದುಬಾರಿ. ಪೋರ್ಟಲ್‌ನಲ್ಲಿ ನೋಂದಾಯಿತ ವೆಂಡರೇ ಮಾಡಬೇಕು, ಅವರು 5 ವರ್ಷದ ನಿರ್ವಹಣೆಯನ್ನೂ ಕೊಡಬೇಕು. ಸಬ್ಸಿಡಿಯನ್ನು ಪ್ಯಾನೆಲ್ ಮತ್ತು ಇನ್ವರ್ಟರ್ ಎರಡರಲ್ಲಿ ಕಡಿಮೆ ಸಾಮರ್ಥ್ಯದ ಮೇಲೆ ಎಣಿಸುತ್ತಾರೆ, ಹಾಗಾಗಿ 25 ಕಿಲೋವ್ಯಾಟ್ ಪ್ಯಾನೆಲ್‌ಗೆ 20ರ ಇನ್ವರ್ಟರ್ ಹಾಕಿದರೆ 20ಕ್ಕೆ ಮಾತ್ರ ಸಿಗುತ್ತದೆ.

ಸಬ್ಸಿಡಿ ಬರುವುದು ಮೀಟರ್ ಕೂತು ಘಟಕ ಚಾಲೂ ಆದ ಮೇಲೆ. ಅಲ್ಲಿಯವರೆಗೆ ಪೂರ್ತಿ ಹಣ ನೀವೇ ಹೊಂದಿಸಬೇಕು. ಇದನ್ನು ಮರೆತ ಸಂಘಗಳು ಕೊನೆಯ ಕಂತಿನ ಹೊತ್ತಿಗೆ ಸಿಕ್ಕಿಹಾಕಿಕೊಳ್ಳುತ್ತವೆ. ಕೊಟೇಷನ್‌ನಲ್ಲಿ ಜಿಎಸ್‌ಟಿ ಕೂಡ ಪರೀಕ್ಷಿಸಿ: 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಉಪಕರಣಗಳ ದರ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಬೆಲೆಯ ಶೇಕಡಾ 70 ಸಾಮಗ್ರಿ, 30 ಸೇವೆ ಎಂದು ಎಣಿಸುವುದರಿಂದ ಒಟ್ಟಾರೆ 8.9 ಬೀಳುತ್ತದೆ. ಹಳೆಯ 13.8 ಇನ್ನೂ ಇದ್ದರೆ ತಿದ್ದಿಸಿ.

ಈಗ ಅಂಕಿ ಹಾಕೋಣ. ಕಿಲೋವ್ಯಾಟಿಗೆ 50,000 ಎಂದರೆ 25 ಕಿಲೋವ್ಯಾಟಿಗೆ 12.5 ಲಕ್ಷ. ಸಬ್ಸಿಡಿ 4.5 ಲಕ್ಷ ಕಳೆದರೆ 8 ಲಕ್ಷ. ವರ್ಷದ ಉತ್ಪಾದನೆ 35,000 ಯೂನಿಟ್, ಉಳಿತಾಯ 2.27 ಲಕ್ಷ, ತೊಳೆಯುವುದಕ್ಕೆ ಮತ್ತು ವಿಮೆಗೆ 15,000 ತೆಗೆದರೆ 2.12 ಲಕ್ಷ. ನಾಲ್ಕು ವರ್ಷದೊಳಗೆ ಹಣ ವಾಪಸು. ದೀಪ, ಪಂಪು, ಎಸ್‌ಟಿಪಿ ಕೆಲಸಕ್ಕೆ 3 ಲಕ್ಷ ಆಯಿತೆಂದರೆ ಅದು ಹದಿನಾರು ತಿಂಗಳೊಳಗೇ ಮರಳುತ್ತದೆ. ಎಲ್ಲ ಸೇರಿ 11 ಲಕ್ಷ. ಏನೂ ಸರಿಪಡಿಸದೆ 50 ಕಿಲೋವ್ಯಾಟ್ ಹಾಕಿದ್ದರೆ ಸಬ್ಸಿಡಿ ಕಳೆದೂ 16 ಲಕ್ಷ ಆಗುತ್ತಿತ್ತು.

ಹಣ ತರುವ ದಾರಿಗಳಲ್ಲಿ ನಮ್ಮ ಒಲವು ಇದು: ಮೊದಲ 3 ಲಕ್ಷವನ್ನು ಕಾರ್ಪಸ್ ಫಂಡಿನಿಂದ (ಸಂಘದ ಮೀಸಲು ನಿಧಿ) ಸಾಲದಂತೆ ತೆಗೆಯಿರಿ, ಜನರಲ್ ಬಾಡಿ ನಿರ್ಣಯದಲ್ಲಿ ಹಾಗೆಂದೇ ಬರೆಯಿರಿ. ಪ್ರತಿ ತಿಂಗಳು ಉಳಿದ 19,500ನ್ನು ಬೇರೆಯೇ ಬ್ಯಾಂಕ್ ಖಾತೆಗೆ ಹಾಕಿ. ಉಳಿತಾಯವನ್ನು ಮೇಂಟೆನೆನ್ಸ್ ಖಾತೆಯಲ್ಲೇ ಬಿಟ್ಟರೆ ಅದು ಬಣ್ಣಕ್ಕೋ ಹಬ್ಬದ ಪೆಂಡಾಲಿಗೋ ಕರಗಿಹೋಗುತ್ತದೆ, ಮುಂದಿನ ವರ್ಷ ಉಳಿದದ್ದೆಲ್ಲಿ ಎಂದು ಯಾರಿಗೂ ತೋರಿಸಲಾಗುವುದಿಲ್ಲ. ಕಾರ್ಪಸ್ ಮರುತುಂಬಿದ ಮೇಲೆ ಅದೇ ಹರಿವು ಸೋಲಾರ್ ಸಾಲದ ಕಂತಿಗೆ ಆಸರೆ. ಸಬ್ಸಿಡಿ ಕಳೆದ 8 ಲಕ್ಷಕ್ಕೆ ಶೇಕಡಾ 10ರ ಬಡ್ಡಿಯಲ್ಲಿ 5 ವರ್ಷಕ್ಕೆ ಕಂತು ಸುಮಾರು 17,000. ಸೋಲಾರಿನ ಸರಾಸರಿ ತಿಂಗಳ ಉಳಿತಾಯ ಸುಮಾರು 19,000, ಆದರೆ ಜುಲೈ ಮೋಡದಲ್ಲಿ ಅದು ಇಳಿಯುತ್ತದೆ. ಸೋಲಾರನ್ನೇ ನಂಬಿದರೆ ಆ ತಿಂಗಳು ಕಂತಿಗೆ ಪರದಾಟ, ಹಿಂದಿನ ಉಳಿತಾಯ ಜೊತೆಗಿದ್ದರೆ ನಿಶ್ಚಿಂತೆ. ಸಾಲವೇ ಬೇಡವೆಂದರೆ ಮನೆಗೆ 13,333 ರೂಪಾಯಿ ಎತ್ತಬೇಕು, ಸಬ್ಸಿಡಿ ಬರುವವರೆಗೆ ಹೊಂದಿಸಬೇಕಾದ 4.5 ಲಕ್ಷ ಬೇರೆ. ಬ್ಯಾಂಕ್ ಸಾಲಕ್ಕೆ ಸಂಘ ನೋಂದಾಯಿತವಾಗಿರಬೇಕು, ಸಂಘದ ಹೆಸರಿನ ಪ್ಯಾನ್, ಮೂರು ವರ್ಷದ ಆಡಿಟ್ ಆದ ಲೆಕ್ಕ, ಸಾಲಕ್ಕೆ ಒಪ್ಪಿದ ಜನರಲ್ ಬಾಡಿ ನಿರ್ಣಯ ಇವನ್ನು ಮೊದಲೇ ಸಿದ್ಧವಿಡಿ.

ಬಂಡವಾಳವಿಲ್ಲದೆ ಕಂಪನಿಯೇ ಘಟಕ ಹಾಕಿ ಯೂನಿಟ್ ಲೆಕ್ಕದಲ್ಲಿ ಮಾರುವ ರೆಸ್ಕೋ ಪದ್ಧತಿಯೂ ಇದೆ. ಯೂನಿಟ್ಟಿಗೆ 4.75 ಎಂದರೆ ನಿಮಗೆ ಉಳಿಯುವುದು 1.75 ಮಾತ್ರ, ಅದೂ 15–25 ವರ್ಷದ ಒಪ್ಪಂದಕ್ಕೆ. ಸಹಿ ಮಾಡುವ ಮೊದಲು ದರ ವರ್ಷಕ್ಕೆ ಎಷ್ಟು ಏರುತ್ತದೆ, ಕನಿಷ್ಠ ಇಷ್ಟು ಯೂನಿಟ್ ಕೊಳ್ಳಲೇಬೇಕೆಂಬ ಷರತ್ತು ಇದೆಯೇ, ಯಾವ ವರ್ಷ ಎಷ್ಟು ಕೊಟ್ಟು ಘಟಕ ಕೊಂಡುಕೊಳ್ಳಬಹುದು, ತಾರಸಿ ರಿಪೇರಿಗೆ ಪ್ಯಾನೆಲ್ ಬಿಚ್ಚುವ ಖರ್ಚು ಯಾರದು ಎಂಬ ನಾಲ್ಕನ್ನು ಓದಿ. ಕೊನೆಯದರ ಬಗ್ಗೆ ಒಪ್ಪಂದ ಮೌನವಾಗಿದ್ದರೆ ಖರ್ಚು ನಿಮ್ಮ ತಲೆಗೇ ಬರುತ್ತದೆ.

ನಾವೇ ಹಾಕಿಸಿಕೊಳ್ಳುವಾಗ ಕಂತುಗಳನ್ನು ಕೆಲಸಕ್ಕೆ ಕಟ್ಟಿ: ಆರ್ಡರಿಗೆ ಶೇಕಡಾ 20, ಸಾಮಗ್ರಿ ಬಂದು ಸೀರಿಯಲ್ ನಂಬರ್ ತಾಳೆ ನೋಡಿದ ಮೇಲೆ 50, ಜೋಡಣೆಗೆ 15, ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಎರಡು ದಿಕ್ಕಿನ ಮೀಟರ್ ಕೂರಿಸಿ ಗ್ರಿಡ್ಡಿಗೆ ಸಿಂಕ್ ಮಾಡಿದ ಮೇಲೆ 10, ಮೂರು ತಿಂಗಳ ಉತ್ಪಾದನೆ ಸರಿಯಿದ್ದರೆ ಕೊನೆಯ 5. ಮೀಟರ್ ಕೂರುವ ಮುಂಚೆ ಪೂರ್ತಿ ಹಣ ಕೊಟ್ಟರೆ ವೆಂಡರ್ ಫೋನ್ ಎತ್ತುವುದು ನಿಧಾನವಾಗುತ್ತದೆ, ಅಷ್ಟು ದಿನ ಘಟಕ ಸುಮ್ಮನೆ ಬಿಸಿಲು ಕಾಯುತ್ತದೆ.

ಆಮೇಲಿನ ನಿಗಾ

ಬೇಸಿಗೆಯಲ್ಲಿ ಹತ್ತು–ಹದಿನೈದು ದಿನಕ್ಕೊಮ್ಮೆ ಬೆಳಗ್ಗೆ ಬೇಗ ಪ್ಯಾನೆಲ್ ತೊಳೆಯಿರಿ. ನಡುಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಸುರಿಯಬೇಡಿ. ಗಡಸು ಬೋರ್‌ವೆಲ್ ನೀರು ಬಿಳಿ ಪೊರೆ ಬಿಡುತ್ತದೆ, ಸಂಗ್ರಹಿಸಿದ ಮಳೆನೀರು ಒಳ್ಳೆಯದು. ಸೋಪು ಬೇಡವೇ ಬೇಡ, ಆ ನೀರು ಹರಿದು ಸಂಪಿಗೇ ಬರುತ್ತದೆ. ಬಿಸಿಲಿನ ದಿನ ಕಿಲೋವ್ಯಾಟಿಗೆ 4 ಯೂನಿಟ್ ಬರಬೇಕು. 3ಕ್ಕಿಂತ ಕಡಿಮೆಯಾದರೆ ಇನ್ವರ್ಟರ್ ಆ್ಯಪ್‌ನಲ್ಲಿ ಸ್ಟ್ರಿಂಗ್‌ವಾರು ಕರೆಂಟ್ ನೋಡಿ, ಒಂದು ಮಾತ್ರ ಕುಗ್ಗಿದ್ದರೆ ನೆರಳೋ ಕನೆಕ್ಟರೋ ಕಾರಣ. ಎಲ್ಲವೂ ಸಮನಾಗಿ ಕುಗ್ಗಿದ್ದರೆ ಧೂಳು. ಮಳೆಗಾಲ ಮುಗಿದ ಮೇಲೊಮ್ಮೆ ನಟ್ಟು ಬೋಲ್ಟು ಬಿಗಿ ಮಾಡಿಸಿ, ಅರ್ಥಿಂಗ್ ಅಳತೆ ತೆಗೆಸಿ. ಕಟ್ಟಡದ ವಿಮೆಗೆ ಪ್ಯಾನೆಲ್‌ಗಳನ್ನು ಹೆಸರಿಸಿ ಸೇರಿಸಿ. ಇನ್ವರ್ಟರಿನ ವಾರಂಟಿ ಸಾಮಾನ್ಯವಾಗಿ 5ರಿಂದ 10 ವರ್ಷ. ಪ್ಯಾನೆಲ್‌ಗಿಂತ ಮೊದಲು ಅದು ಹೋಗುವುದು ಖಚಿತ, ಹಾಗಾಗಿ ಸಾಲ ತೀರಿದ ತಿಂಗಳಿಂದಲೇ ಅದರ ಬದಲಿಗೆ ಆ ಬೇರೆ ಖಾತೆಯಲ್ಲಿ ತಿಂಗಳಿಗೆ 3,000 ಎತ್ತಿಡುತ್ತಾ ಬನ್ನಿ.